ಮೂರನೇ ಪ್ಲಗ್ಗಿನ ಗುಂಡಿಯಲ್ಲಿ ಬಿಡಾರ ಹೂಡಿದ ಎಣ್ಣೆಯವರಿಗೆ

ಗೆ,
ಶ್ರೀಮಾನ್ ಇಂಜಿನ್ ಆಯಿಲ್ ಅವರು,
ಮೂರನೇ ಪ್ಲಗ್ಗಿನ ಗುಂಡಿ, ಟ್ಯಾಪೆಟ್ ಕವರಿನ ಕೆಳಗೆ,
1996ನೇ ಮಾಡೆಲ್ ಬಿಳಿ ಕಾರು (ಬಿಳಿ ಎಂಬುದು ಈಗ ಆರ್.ಸಿ. ಪುಸ್ತಕದಲ್ಲಿ ಮಾತ್ರ),
ರಾಮಮೂರ್ತಿ ನಗರ, ಬೆಂಗಳೂರು.

ಡಿಸೆಂಬರ್ 2008

ವಿಷಯ: ತಾವು ಕರೆಯದೆ ಬಂದ ಬಗ್ಗೆ ಹಾಗೂ ಹೇಳದೆ ಹೋದ ಬಗ್ಗೆ.

ಮಾನ್ಯರಲ್ಲಿ ಮಾನ್ಯರೇ, ಜಾರುವುದರಲ್ಲಿ ಸಮಾನರಿಲ್ಲದವರೇ,

ಯೋಗಕ್ಷೇಮ ವಿಚಾರಿಸದೆ ದೂರು ಹೇಳುವುದು ನಮ್ಮ ಕಡೆಯ ಪದ್ಧತಿಯಲ್ಲವಾದ್ದರಿಂದ, ತಾವು ಎಲ್ಲೇ ಇದ್ದರೂ ತೆಳುವಾಗದೆ, ಸುಟ್ಟು ಹೊಗೆಯಾಗದೆ, ಡಿಪ್‌ಸ್ಟಿಕ್ಕಿನ ಎರಡು ಗೆರೆಗಳ ನಡುವೆ ಮರ್ಯಾದೆಯಿಂದ ಬಾಳುತ್ತಿದ್ದೀರೆಂದು ಮೊದಲಿಗೆ ನಂಬಿಕೊಳ್ಳುತ್ತೇನೆ. ನಾನು ಭೀಮಾಶಂಕರ, ಚಿತ್ತಾಪುರ ತಾಲ್ಲೂಕಿನವನು, ಇಂದಿರಾನಗರದ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್, ಮೇಲ್ಕಂಡ ಕಾರಿನ ಮೂರನೇ ಮಾಲೀಕ. ನನ್ನ ಪರಿಚಯ ತಮಗೆ ಇಲ್ಲದಿದ್ದರೂ ನನ್ನ ಹಳೆಯ ಬನಿಯನ್ನುಗಳ ಪರಿಚಯ ಚೆನ್ನಾಗಿಯೇ ಇದೆ. ಇದು ಬಹಿರಂಗ ಪತ್ರವೇ ಆದರೂ ಬಾನೆಟ್ಟಿನ ಒಳಮೈಗೆ ಅಂಟಿಸಲಿದ್ದೇನೆ. ಕಾರಣ ಮುಂದೆ ತಮಗೇ ತಿಳಿಯುತ್ತದೆ.

ತಮಗೆ ಇರಲು ಮನೆಯಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಇಂಜಿನ್ನಿನ ತಳದಲ್ಲಿ ವಿಶಾಲವಾದ ಚೇಂಬರು ತಮಗೆಂದೇ ಇದೆ. ಗಾಡಿ ಓಡುವಾಗ ಮೇಲಕ್ಕೆ ಹೋಗಿ, ಟ್ಯಾಪೆಟ್ಟುಗಳನ್ನು ನೆನೆಸಿ, ತಮ್ಮ ಪಾಡಿಗೆ ತಾವು ಕೆಳಗಿಳಿದು ಬರುವುದಷ್ಟೇ ತಮ್ಮ ಕೆಲಸ. ಕಿಡಿ ಹಾರಿಸುವ ಪ್ಲಗ್ಗುಗಳು ಕೂತಿರುವ ನಾಲ್ಕು ಆಳವಾದ ಗುಂಡಿಗಳಿಗೆ ತಾವು ಕಾಲಿಡಬಾರದೆಂದೇ ಬಳೆಯಂಥ ನಾಲ್ಕು ರಬ್ಬರ್ ಸೀಲುಗಳನ್ನೂ ಕವರಿನ ಸುತ್ತ ಒಂದು ಪ್ಯಾಕಿಂಗನ್ನೂ ಇಟ್ಟಿರುತ್ತಾರೆ. ಅವು ಹನ್ನೆರಡು ವರ್ಷದ ಬಿಸಿಗೆ ಒಣಗಿಸಿಟ್ಟ ಕಟಕ ರೊಟ್ಟಿಯಂತೆ ಗಟ್ಟಿಯಾದದ್ದೇ ತಡ, ತಾವು ಒಂದು ಮಾತೂ ಕೇಳದೆ ಗುಂಡಿಗಿಳಿದು ಬಿಡಾರ ಹೂಡಿದಿರಿ. ನಾನು ಸಂಜೆ ಒರೆಸಿದರೆ ಮರುದಿನ ಆಫೀಸಿನಿಂದ ಬರುವಷ್ಟರಲ್ಲಿ ಮತ್ತೆ ಅಲ್ಲೇ ತಣ್ಣಗೆ ಕೂತಿರುತ್ತಿದ್ದಿರಿ. ಇಂಥ ಛಲವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಗುಂಡಿಯಷ್ಟಕ್ಕೇ ತೃಪ್ತರಾಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ತಮ್ಮ ಕುಟುಂಬದ ಇನ್ನೊಂದು ಕವಲು ಪ್ಯಾಕಿಂಗಿನ ಹೊರಗೂ ಇಳಿದು, ನಮ್ಮ ಮನೆಯ ಮಾಲೀಕರೂ ಕೆಳಮನೆಯ ನಿವಾಸಿಗಳೂ ಆದ ಶಾಂತಕುಮಾರಿಯಮ್ಮನವರ ಅಂಗಳಕ್ಕೆ, ಅದರಲ್ಲೂ ಸರಿಯಾಗಿ ಅವರು ರಂಗೋಲಿ ಹಾಕುವ ಜಾಗಕ್ಕೆ ತೊಟ್ಟಿಕ್ಕತೊಡಗಿತು. ಇದರ ಗಾಂಭೀರ್ಯ ತಮಗೆ ತಿಳಿಯಬೇಕಾದರೆ ನಮ್ಮ ಮನೆಗಳ ಚರಿತ್ರೆ ತಿಳಿಯಬೇಕು. ಆರು ವರ್ಷದಲ್ಲಿ ನಾಲ್ಕು ಮನೆ ಬಿಟ್ಟವರು ನಾವು. ಅದರಲ್ಲಿ ಎರಡು ಹೋದದ್ದು ನನ್ನ ಅವ್ವ ಹುಸೇನಮ್ಮ ಜೋಳದ ರೊಟ್ಟಿ ಬಡಿಯುವ ಸದ್ದಿಗೆ. ಜೋಗುಪಾಳ್ಯದ ಮಾಲೀಕರಂತೂ ಅದನ್ನು ಬಡಗಿ ಕೆಲಸವೆಂದೇ ತಿಳಿದು, ವಾಸದ ಮನೆಯಲ್ಲಿ ಕಾರ್ಖಾನೆ ನಡೆಸಕೂಡದೆಂದು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿದ್ದರು. ಶಾಂತಕುಮಾರಿಯಮ್ಮನವರೊಬ್ಬರೇ, ತಮ್ಮ ತಲೆಯ ಮೇಲೆ ದಿನಕ್ಕೆ ಹದಿನೆಂಟು ರೊಟ್ಟಿ ಬಡಿದರೂ, ಮೊದಲ ವಾರ ಎರಡು ರೊಟ್ಟಿ ತರಿಸಿಕೊಂಡು ತಿಂದು ಸುಮ್ಮನಾದವರು. ಈ ಮನೆಯೂ ಹೋದರೆ ಅವ್ವ ಊರಿಗೆ ಹೊರಟುಬಿಡುತ್ತಾಳೆ, ಮತ್ತೆ ಬರುವುದಿಲ್ಲ. ಇದನ್ನು ಆಕೆ ಬಾಯಿಬಿಟ್ಟು ಹೇಳಿಲ್ಲ, ಐದನೇ ಸಲ ಪಾತ್ರೆಗಳ ಗಂಟು ಬಿಚ್ಚುವಾಗ ಆಕೆಯ ಮುಖ ನೋಡಿ ನಾನೇ ತಿಳಿದುಕೊಂಡದ್ದು. ನನಗೆ ಇದರ ಭಯ ಬಹಳವಿದೆ.

ಆಯುಧಪೂಜೆಗೆ ಮುಂಚಿನ ಶನಿವಾರ ನಾನು ಬಾನೆಟ್ ಎತ್ತಿ ತಮ್ಮನ್ನು ಬನಿಯನ್ನಿನಿಂದ ಅದ್ದಿ ತೆಗೆಯುತ್ತಿದ್ದಾಗ, ಶಾಂತಕುಮಾರಿಯಮ್ಮನವರು ಮೊಣಕಾಲು ಹಿಡಿದುಕೊಂಡು ಅಂಗಳಕ್ಕೆ ಬಂದು, ರಂಗೋಲಿಯ ನಡುವೆ ತಾವು ಇಟ್ಟಿದ್ದ ಕಪ್ಪು ಚುಕ್ಕಿಗಳನ್ನು ಒಂದೊಂದಾಗಿ ತೋರಿಸಿ, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಹೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಮೆಟ್ಟಿಲಿಳಿದು ಬಂದು, ನನ್ನ ಕೈಯ ಬನಿಯನ್ ಕಿತ್ತುಕೊಂಡು, ತನ್ನ ಮೊಣಕಾಲಿಗೆ ತಿಕ್ಕಿಕೊಂಡು, ‘ಯಕ್ಕಾ, ನಿನ್ನಿ ಒರಸಿದ ಜಾಗಾದಾಗ ಇವತ್ತ ತಾನೇ ಉಕ್ಕ್ಯದ ನೋಡ್ರಿ, ಹಚ್ಚಿದ ಕೂಡ್ಲೇ ಕಾಲು ಹಗುರಾಗ್ಯಾವ’ ಎಂದುಬಿಟ್ಟಳು. ಶಾಂತಕುಮಾರಿಯಮ್ಮನವರು ಒಂದು ಕ್ಷಣ ಅವ್ವನ ಮುಖ ನೋಡಿದರು, ಒಂದು ಕ್ಷಣ ಬನಿಯನ್ನಿನಲ್ಲಿದ್ದ ತಮ್ಮ ಮುಖ ನೋಡಿದರು, ಆಮೇಲೆ ಮನೆ ಖಾಲಿ ಮಾಡುವ ಮಾತನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದರು.

ಸಂಜೆಯೊಳಗೆ ತಾವು ಓಣಿಗೆಲ್ಲ ಉದ್ಭವ ಎಣ್ಣೆಯಾಗಿದ್ದಿರಿ. ಅವ್ವ ಕೂಡಲೇ ಕಟ್ಟುಪಾಡುಗಳನ್ನು ಮಾಡಿದಳು: ತಮ್ಮನ್ನು ತೆಗೆಯುವ ಅಧಿಕಾರ ತನಗೊಬ್ಬಳಿಗೇ, ಅದೂ ಸ್ನಾನವಾದ ಮೇಲೆ, ಆ ಹೊತ್ತಿನಲ್ಲಿ ಗಂಡಸರು ಅಂಗಳದಲ್ಲಿ ಸುಳಿಯಕೂಡದು, ಗುಂಡಿಯೊಳಗೆ ಬೇರೆ ಯಾರೂ ಇಣುಕಕೂಡದು, ಇಣುಕಿದರೆ ಮಹಿಮೆ ಹೋಗುತ್ತದೆ. ಪ್ರತಿ ಶನಿವಾರ ಆಕೆ ಬಾಟಲಿ ಹಿಡಿದು ಜಗಲಿಯ ಮೇಲೆ ಕೂತರೆ, ಶಾಂತಕುಮಾರಿಯಮ್ಮನವರಿಂದ ಮೊದಲ್ಗೊಂಡು ಹತ್ತು ಹನ್ನೆರಡು ಜೊತೆ ಮೊಣಕಾಲುಗಳು ಸಾಲಾಗಿ ಬಂದು ತಿಕ್ಕಿಸಿಕೊಂಡು ಹೋಗುತ್ತಿದ್ದವು. ವೈಪರಿಗೆ ದಾಸವಾಳ, ಟ್ಯಾಪೆಟ್ ಕವರಿಗೆ ಕುಂಕುಮ. ಮೂರನೇ ಪ್ಲಗ್ಗು ತಮ್ಮಲ್ಲಿ ಮುಳುಗಿ, ನಾಲ್ಕರ ಬದಲು ಮೂರೇ ಸಿಲಿಂಡರಿನಲ್ಲಿ ಉರಿಯುತ್ತ ಗಾಡಿ ನಿಂತಲ್ಲೇ ಗಡಗಡ ನಡುಗಿದರೆ, ಕಾರಿನ ಮೈಮೇಲೆ ಬಂದಿದೆಯೆಂದು ಎದುರುಮನೆಯ ವೆಂಕಟಮ್ಮನವರು ಕೈಮುಗಿದು ಮಗಳ ಮದುವೆ ಯಾವಾಗಲೆಂದು ಕೇಳುತ್ತಿದ್ದರು.

ಆದರೆ ಮಾನ್ಯರೇ, ದೇವರನ್ನು ಪೂಜಿಸಬಹುದು, ದೇವರಲ್ಲಿ ಕೂತು ದಿನಾ ಆಫೀಸಿಗೆ ಹೋಗುವುದು ಕಷ್ಟ. ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ, ಸೈಕಲ್ಲಿನ ಮೇಲೆ ಕೊತ್ತಂಬರಿ ಸೊಪ್ಪು ಒಯ್ಯುತ್ತಿದ್ದವರೊಬ್ಬರು ನನ್ನನ್ನು ಹಿಂದೆ ಹಾಕಿ, ಹೋಗುವಾಗ ತಿರುಗಿ ಮರುಕದಿಂದ ನೋಡಿದ ದಿನವೇ ನಾನು ಶಿವಾಜಿನಗರದ ಗಲ್ಲಿಯಲ್ಲಿ ಶೆಡ್ ಇಟ್ಟಿರುವ ಅಸ್ಗರ್ ಭಾಯ್ ಅವರ ಬಳಿ ಹೋದೆ. ಅವರು ಕುಂಕುಮವನ್ನು ಬಹಳ ಹೊತ್ತು ನೋಡಿ, ‘ದೇವ್ರೂ ಅಲ್ಲ ದೆವ್ವಾನೂ ಅಲ್ಲ ಸಾರ್, ಪ್ಯಾಕಿಂಗ್ ಹೋಗಿದೆ’ ಎಂದರು. ಮೊದಲು ಗುಂಡಿಗಳಲ್ಲಿದ್ದ ತಮ್ಮನ್ನು ಕೊನೆಯ ಹನಿಯವರೆಗೂ ಹೀರಿ ತೆಗೆದರು. ಹಾಗೆ ಮಾಡದೆ ಪ್ಲಗ್ ಬಿಚ್ಚಿದರೆ ತಾವು ನೇರ ಸಿಲಿಂಡರಿಗೇ ಗೃಹಪ್ರವೇಶ ಮಾಡುತ್ತೀರಂತೆ. ಆಮೇಲೆ ಕವರ್ ಎತ್ತಿ, ಕೈಯಲ್ಲೇ ಪುಡಿಯಾದ ಹಳೆಯ ಸೀಲುಗಳನ್ನು ಕೆರೆದು, ಹೊಸ ಸೀಲು ಹೊಸ ಪ್ಯಾಕಿಂಗ್ ಕೂರಿಸಿ, ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ, ಮಗುವಿಗೆ ತುತ್ತು ಕೊಡುವಷ್ಟು ತಾಳ್ಮೆಯಿಂದ ಬಿಗಿದರು. ಹಲಸೂರು ಕೆರೆ ದಾಟುವಾಗ ಗಾಡಿ ಎಷ್ಟು ನಯವಾಗಿ ಓಡಿತೆಂದರೆ, ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ.

ಅದೇ ಉತ್ಸಾಹದಲ್ಲಿ ಶಾಂತಕುಮಾರಿಯಮ್ಮನವರಿಗೆ, ಇನ್ನು ಅವರ ಅಂಗಳಕ್ಕೆ ಒಂದು ಹನಿಯೂ ಬೀಳುವುದಿಲ್ಲವೆಂದು ಹೇಳಿಬಿಟ್ಟೆ. ಅವರು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ, ‘ಕಾರಿಗೆ ಏನ್ ಬೇಕಾದ್ರೂ ಮಾಡಿಸ್ಕೊಳ್ಳಪ್ಪ, ನನ್ನ ಶನಿವಾರದ ಎಣ್ಣೆ ಮಾತ್ರ ನಿಲ್ಬಾರ್ದು. ನಿಂತ್ರೆ ಅವತ್ತೇ ಮನೆ ಖಾಲಿ’ ಎಂದರು. ಬಂದರೆ ಮನೆ ಖಾಲಿ ಎನ್ನುತ್ತಿದ್ದವರು ಬರದಿದ್ದರೆ ಮನೆ ಖಾಲಿ ಎನ್ನುವಂತಾದದ್ದು ತಮ್ಮ ಸಾಧನೆಯೇ ಸರಿ. ನಾನು ಓಡಿಹೋಗಿ ಬಾನೆಟ್ ಎತ್ತಿ ನೋಡಿದೆ: ನಾಲ್ಕೂ ಗುಂಡಿಗಳು ಬೇಸಿಗೆಯ ಬಾವಿಯಂತೆ ಒಣಗಿದ್ದವು. ತಾವು ಹೋಗಿದ್ದಿರಿ, ಹೋಗುವಾಗ ಒಂದು ಮಾತೂ ಹೇಳಿರಲಿಲ್ಲ.

ಅಂದಿನಿಂದ ಏಳು ವಾರ, ನಾನು ಪ್ರತಿ ಶನಿವಾರ ಬೆಳಿಗ್ಗೆ ಐದೂವರೆಗೆ, ಅವ್ವ ಸ್ನಾನಕ್ಕೆ ಹೋಗುವ ಮುಂಚೆ, ಮೆಡಿಕಲ್ ಶಾಪಿನಿಂದ ತಂದ ದೊಡ್ಡ ಸಿರಿಂಜಿನಲ್ಲಿ ತಮ್ಮ ಜಾತಿಯವರನ್ನೇ ಡಬ್ಬಿಯಿಂದ ಎಳೆದುಕೊಂಡು, ಮೂರನೇ ಗುಂಡಿಗೆ ಎರಡು ಚಮಚೆಯಂತೆ, ಕಟ್ಟುಪಾಡಿನ ಪ್ರಕಾರ ಒಳಗೆ ಇಣುಕದೆ, ನಾನೇ ತುಂಬುತ್ತಿದ್ದೇನೆ. ಕಷ್ಟಪಟ್ಟು ನಿಲ್ಲಿಸಿದ ಸೋರಿಕೆಯನ್ನು ಕೈಯಾರೆ ಸೋರಿಸುವ ಭಾಗ್ಯ ಬೆಂಗಳೂರಿನ ಪೂರ್ವ ಭಾಗದಲ್ಲಿ ಇನ್ನಾರಿಗೂ ಸಿಕ್ಕಿರಲಾರದು. ಗಾಡಿ ಮತ್ತೆ ಮೂರೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತಿದೆ, ನಾನು ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದೇನೆ. ಅಸ್ಗರ್ ಭಾಯ್ ಅವರಿಗೆ ತಮ್ಮ ಕೆಲಸದ ಮೇಲೇ ಸಂಶಯ ಬಂದು ಇನ್ನೊಮ್ಮೆ ಕವರ್ ಬಿಚ್ಚಿದರು. ಗುಂಡಿಯ ಎಣ್ಣೆ ಸ್ವಲ್ಪವೂ ಕಪ್ಪಾಗದೆ ಅಂಗಡಿಯಲ್ಲಿದ್ದಂತೆಯೇ ಹೊಂಬಣ್ಣಕ್ಕಿರುವುದನ್ನು ಬೆರಳಿಗೆ ಹಚ್ಚಿ ನೋಡಿ, ಮೂಸಿ, ನನ್ನನ್ನು ದಿಟ್ಟಿಸಿ, ‘ಮನೇಲಿ ಎಲ್ಲಾ ಆರಾಮಾ ಸಾರ್?’ ಎಂದು ಮೆಲ್ಲಗೆ ಕೇಳಿದರು. ಅಂಥ ಒಳ್ಳೆಯ ಕೆಲಸಗಾರನ ಎದುರು ತಲೆ ತಗ್ಗಿಸುವಂತಾಯಿತಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಯವಿಟ್ಟು ಹೊಸ ಸೀಲುಗಳನ್ನು ಕೆಡಿಸದೆ, ಅವುಗಳ ಮೂಲಕ ಹಾದು, ಶುಕ್ರವಾರ ಸಂಜೆ ಗುಂಡಿಗೆ ಬಂದು ಶನಿವಾರ ಮಧ್ಯಾಹ್ನದೊಳಗೆ ಹೊರಟುಬಿಡುವ ಏರ್ಪಾಡು ಮಾಡಿಕೊಳ್ಳಬೇಕು; ಅದು ಆಗದಿದ್ದರೆ ಇಂಜಿನ್ನಿನ ಗೊಡವೆಯೇ ಬೇಡ, ನೇರವಾಗಿ ಅವ್ವನ ಬಾಟಲಿಯಲ್ಲೇ ಉದ್ಭವಿಸಬಹುದು. ಅಂಗಳಕ್ಕೆ ತೊಟ್ಟಿಕ್ಕಲೇಬೇಕೆಂಬ ಹಟವಿದ್ದರೆ ಹನ್ನೊಂದು ಚುಕ್ಕಿಯಿಂದ ಒಂದರವರೆಗೆ ಸಾಲು ತಪ್ಪದಂತೆ ತೊಟ್ಟಿಕ್ಕಿ, ಗೆರೆ ಎಳೆಯುವುದನ್ನು ಶಾಂತಕುಮಾರಿಯಮ್ಮನವರು ನೋಡಿಕೊಳ್ಳುತ್ತಾರೆ. ಏನಾದರೂ ಮಾಡಿ, ಈ ಮನೆಯಲ್ಲಿ ರೊಟ್ಟಿಯ ಸದ್ದು ನಿಲ್ಲದಂತೆ ನೋಡಿಕೊಳ್ಳಿ. ಒಬ್ಬ ಬಾಡಿಗೆದಾರನ ಕಷ್ಟ ಇನ್ನೊಬ್ಬ ಬಾಡಿಗೆದಾರನಿಗಲ್ಲದೆ ಮತ್ತಾರಿಗೆ ತಿಳಿದೀತು?

ಆರು ಬನಿಯನ್ನು, ಬೆಳಗಿನ ನಿದ್ದೆ ಹಾಗೂ ಮೂರನೇ ಸಿಲಿಂಡರನ್ನು ತಮಗೆ ಒಪ್ಪಿಸಿ ಕೂತಿರುವ,
ತಮ್ಮ ವಿಶ್ವಾಸಿ,
ಭೀಮಾಶಂಕರ

ತಾ.ಕ.: ಇದನ್ನು ಅಂಟಿಸಲು ನಾನು ಗೋಂದು ಹುಡುಕುತ್ತಿದ್ದಾಗ ನನ್ನ ಹೆಂಡತಿ ಉಮಾಶ್ರೀ ಪತ್ರವನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವ್ವ ನಕ್ಕು, ಕೆಮ್ಮಿ, ನೀರು ಕುಡಿದು ಹೇಳಿದ್ದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಮೊದಲ ದಿನ ಹಚ್ಚಿಕೊಂಡ ತಮ್ಮನ್ನು ಆಕೆ ಆಗಲೇ ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆದುಕೊಂಡಳಂತೆ. ಅಂದಿನಿಂದ ಬಾಟಲಿಯಲ್ಲಿದ್ದದ್ದು ಬೆಳ್ಳುಳ್ಳಿ, ಓಂಕಾಳು ಹಾಕಿ ಕಾಸಿದ ಎಳ್ಳೆಣ್ಣೆ. ಗುಂಡಿಯ ಬಾಯಿ ಮುಚ್ಚಿರುವ ಪ್ಲಗ್ ವೈರು ಕೀಳುವುದು ಹೇಗೆಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ನಾನು ಶನಿವಾರ ಬೆಳಿಗ್ಗೆ ಕಾರಿನ ಮುಂದೆ ಬಾಗಿ ನಿಲ್ಲುವುದನ್ನು ಕಿಟಕಿಯಿಂದ ನೋಡಿ, ಮಗನಿಗೂ ಭಕ್ತಿ ಹುಟ್ಟಿದೆ, ಯಾಕೆ ಕೆಡಿಸಬೇಕೆಂದು ಸುಮ್ಮನಿದ್ದಳಂತೆ. ಶಾಂತಕುಮಾರಿಯಮ್ಮನವರಿಗೆ ತಿಳಿದರೆ ಗತಿಯೇನೆಂದು ಕೇಳಿದ್ದಕ್ಕೆ, ‘ಅಕಿಗಿ ಮೊದಲ ವಾರಾನೇ ಗೊತ್ತಾಗ್ಯದಪ್ಪಾ, ಬಳ್ಳೊಳ್ಳಿ ವಾಸನಿ ಮುಚ್ಚಿಡಾಕ ಬರ್ತದೇನು? ಅಕಿಗಿ ಕಾಲು ತಿಕ್ಕೋರು ಬೇಕಾಗಿತ್ತು, ನಮಗ ಮನಿ ಬೇಕಾಗಿತ್ತು’ ಎಂದು ರೊಟ್ಟಿ ಬಡಿಯಲು ಎದ್ದು ಹೋದಳು. ಹೀಗಾಗಿ ಮಾನ್ಯರೇ, ತಮ್ಮ ದಯೆಯಿಂದ ಈ ಮನೆ ಉಳಿದಿದೆಯೆಂದು ಇಷ್ಟು ದಿನ ನಂಬಿದ್ದವನು ಇಡೀ ಮನೆಯಲ್ಲಿ ನಾನೊಬ್ಬನೇ. ನಾಳೆ ಶನಿವಾರ, ಬೆಳಿಗ್ಗೆ ಐದೂವರೆಗೆ ಅವನು ಮಲಗಿರುತ್ತಾನೆ.