ಕೆರೆಗೆ ಕಳೆ ಬಂದ ದಿನ

‘ಕಳೆ’ ಅನ್ನುವ ಎರಡೇ ಎರಡು ಅಕ್ಷರ ಲಿಖಿತ್‌ನ ಜರ್ಮನಿಯನ್ನು ನುಂಗಿ ನೀರು ಕುಡಿಯಿತು.

ಜರ್ಮನಿ ಇನ್ನೂ ಅವನ ಕೈಗೆ ಬಂದಿರಲಿಲ್ಲ, ಅದು ಬೇರೆ ಮಾತು. ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಈ ಬಿ.ಕಾಂ. ಹುಡುಗ ಐದು ದಿನ ರಜೆ ಹಾಕಿದ್ದ. ಬಾಗಲಗುಂಟೆಯಲ್ಲಿ ಅವನ ಮನೆ ಹಿಂದಿನ ಕೆರೆಯ ಕಳೆ ಕೀಳಲು ಎಂಟು ಮಂದಿ ವಿದೇಶಿ ಹುಡುಗ ಹುಡುಗಿಯರು ಬಂದಿದ್ದರು. ಅವರಿಗೆ ಇವನು ದುಭಾಷಿ. ಕೊನೆಯ ದಿನ ಸಂಜೆ ತಂಡದ ನಾಯಕಿ ಕ್ಲಾರಾ ಊರಿನವರೊಬ್ಬರನ್ನು ಆರಿಸಿ, ಆಗಸ್ಟಿನಲ್ಲಿ ಮೂರು ವಾರ ಜರ್ಮನಿಯ ಕೆರೆಯೊಂದರ ಕೆಲಸಕ್ಕೆ ಕರೆಸಿಕೊಳ್ಳುವವಳಿದ್ದಳು. ದಂಡೆಯ ಮೇಲೆ ಇಂಗ್ಲಿಷ್ ಬಲ್ಲವನು ತಾನೊಬ್ಬನೇ ಎಂದಮೇಲೆ ಇನ್ನಾರನ್ನು ಆರಿಸಿಯಾಳು? ಲಿಖಿತ್ ಆಗಲೇ ಬೀದಿಗೆಲ್ಲ ಹೇಳಿಕೊಂಡಿದ್ದ. ವಿದೇಶಿಯರ ಬಾಯಲ್ಲಿ ತನ್ನ ಹೆಸರು ‘ಲಿಕ್ವಿಡ್’ ಆಗಿದ್ದನ್ನೂ ಸಹಿಸಿಕೊಂಡಿದ್ದ.

ಆ ಕೊನೆಯ ದಿನ ಬೆಳಿಗ್ಗೆ ಹನುಮಂತರಾಯಪ್ಪನವರು ಭಾಷಣಕ್ಕೆ ಬಂದರು. ಊರಿನ ಹಿರಿಯರು, ಹದಿನಾಲ್ಕು ಮನೆ ಬಾಡಿಗೆಗೆ ಬಿಟ್ಟವರು. ಮೈಕ್ ಇಲ್ಲದಿದ್ದರೂ ಮೈಕ್ ಹಿಡಿದವರಂತೆಯೇ ಕೈ ಮಡಚಿ ನಿಲ್ಲುವವರು. ಅವರು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಲಿಖಿತ್‌ನ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಮಹಡಿ ಮನೆಯ ಶಶಿಕಲಾ ಆಂಟಿ.

“ಲಿಖಿತ್, ಜರ್ಮನೀಲಿ ಪ್ರೆಶರ್ ಕುಕ್ಕರ್ ಚೆನ್ನಾಗಿರ್ತಾವಂತೆ ಕಣೋ. ಐದು ಲೀಟರ್‌ದು.”

“ಆಯ್ತು ಆಂಟಿ, ತರ್ತೀನಿ, ಈಗ ಇಡಿ.”

ಅಷ್ಟರಲ್ಲಿ ಭಾಷಣದ ಬಾಲ ಮಾತ್ರ ಅವನ ಕಿವಿಗೆ ಬಿತ್ತು: “...ಅದ್ಕೇ, ನಮ್ ಕೆರೆಗೆ ಮೊದ್ಲಿದ್ದ ಕಳೆ ವಾಪಸ್ ಬರ್ಬೇಕು. ಇವತ್ತೇ ಬರ್ಬೇಕು.”

ಹಿರಿಯರು ಹೇಳಿದ್ದು ಮುಖದ ಮೇಲಿರುತ್ತದಲ್ಲ, ಆ ಕಳೆ. ಆದರೆ ನಾಲ್ಕು ದಿನದಿಂದ ಕಳೆ ಅಂದರೆ ವೀಡ್, ವೀಡ್ ಅಂದರೆ ಕಳೆ ಎಂದು ಜಪ ಮಾಡಿದ್ದ ಲಿಖಿತ್ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಒದರಿದ: ಮೊದಲಿದ್ದ ವೀಡ್ಸ್ ಎಲ್ಲ ಕೆರೆಗೆ ವಾಪಸ್ ಹೋಗಬೇಕಂತೆ, ಇವತ್ತೇ.

ಕ್ಲಾರಾ ದಂಡೆಯ ಮೇಲೆ ಆನೆಯಂತೆ ಮಲಗಿದ್ದ ನಾಲ್ಕು ದಿನದ ಗುಡ್ಡೆಯನ್ನು ನೋಡಿದಳು. “ಆರ್ ಯು ಶೂರ್, ಲಿಕ್ವಿಡ್?”

ಲಿಖಿತ್ ಕೂಡ ಗುಡ್ಡೆಯತ್ತ ಒಮ್ಮೆ ನೋಡಿದ. ಆದರೆ ಅನುಮಾನ ಪಡುವ ದುಭಾಷಿಯನ್ನು ಯಾರು ಜರ್ಮನಿಗೆ ಕರೆಯುತ್ತಾರೆ? “ಶೂರ್, ಶೂರ್” ಅಂದು, ಹಿರಿಯರ ಜೊತೆ ಇಡ್ಲಿ ತಿನ್ನಲು ಹೋದ.

ಊರವರ ಮಾತೇ ಕೊನೆಯ ಮಾತು ಎಂದು ಆ ಮಕ್ಕಳಿಗೆ ಕಲಿಸಿ ಕಳಿಸಿದ್ದರು. ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ, ಒಂದು ಗಂಟೆಯಲ್ಲಿ ಗುಡ್ಡೆಯನ್ನೆಲ್ಲ ಕೆರೆಗೆ ತುಂಬಿ, ಮೇಲೆ ಸಮವಾಗಿ ಹರಡಿದರು.

ಇಡ್ಲಿ ಮುಗಿಸಿ ಬಂದ ಲಿಖಿತ್ ನಿಂತಲ್ಲೇ ನಿಜವಾಗಿಯೂ ಲಿಕ್ವಿಡ್ ಆದ. ಎದುರಿಗೆ ರಾಮಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮೂವತ್ತು ವರ್ಷದಿಂದ ಈ ಕೆರೆಯಂಚಿನ ಸೊಪ್ಪು ಕೊಯ್ದು ಮಾರುವವಳು.

“ಯಾವ ಬುದ್ವಂತ ಏಳಿದ್ನಪ್ಪ ಇದ್ನ ಮಾಡೋಕೆ?”

ಎಂಟು ಬೆರಳು ಒಟ್ಟಿಗೆ ಲಿಖಿತ್‌ನ ಕಡೆ ತಿರುಗಿದವು.

ಲಿಖಿತ್ ಥಟ್ಟನೆ ಕ್ಲಾರಾಳಿಗೆ ಇಂಗ್ಲಿಷಿನಲ್ಲಿ ಹೊಸದೊಂದು ಪುರಾಣ ಬಿಟ್ಟ: ಇದು ನಮ್ಮೂರ ಪದ್ಧತಿ, ಕಿತ್ತದ್ದನ್ನು ಒಮ್ಮೆ ಕೆರೆಗೆ ಒಪ್ಪಿಸಿ, ಕ್ಷಮೆ ಕೇಳಿ, ಮತ್ತೆ ತೆಗೆಯಬೇಕು.

ಕ್ಲಾರಾಳ ಕಣ್ಣು ಅರಳಿತು. ನೋಟ್‌ಬುಕ್ ತೆಗೆದು, ಈ ಪದ್ಧತಿಗೆ ಏನನ್ನುತ್ತಾರೆ, ಹಿರಿಯರನ್ನೇ ಕೇಳು ಅಂದಳು.

ಲಿಖಿತ್ ಹನುಮಂತರಾಯಪ್ಪನವರತ್ತ ತಿರುಗಿದ. “ಯಜಮಾನ್ರೇ, ನಿಮ್ಮ ವಯಸ್ಸೆಷ್ಟು ಅಂತ ಕೇಳ್ತಿದ್ದಾರೆ.”

“ಅರವತ್ತೆಂಟು” ಎಂದರು ಹಿರಿಯರು, ಎದೆಯುಬ್ಬಿಸಿ.

“ಆರಾವಾಟೆಂಟು” ಎಂದು ಕ್ಲಾರಾ ಭಕ್ತಿಯಿಂದ ಬರೆದುಕೊಂಡಳು. ಎರಡು ನಿಮಿಷದಲ್ಲಿ ಎಂಟೂ ಜನ ಮಂಡಿಯುದ್ದ ನೀರಿಗಿಳಿದು, ತಾಳಕ್ಕೆ ಸರಿಯಾಗಿ ‘ಆರಾವಾಟೆಂಟು, ಆರಾವಾಟೆಂಟು’ ಎಂದು ಹಾಡುತ್ತ ಕಳೆ ಎಳೆಯತೊಡಗಿದರು.

“ನಂಗೆ ವಯಸ್ಸಾಯ್ತು ಸರಿ. ಅದ್ನ ಊರಿಗೆಲ್ಲ ಯಾಕಪ್ಪ ಸಾರ್ತಾವ್ರೆ?”

“ಗೌರವ, ಯಜಮಾನ್ರೇ. ಅವರ ಕಡೆ ಅಂಗೇ” ಅಂದ ಲಿಖಿತ್, ಬೆವರು ಒರೆಸಿಕೊಂಡು.

ಇತ್ತ ರಾಮಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದಳು. ಕೆರೆ ನುಂಗುವ ಕಳೆಯೂ ಸಾರಿಗೆ ಹಾಕುವ ಹೊನಗೊನ್ನೆ ಸೊಪ್ಪೂ ನೋಡಲು ಅಕ್ಕತಂಗಿಯರ ಹಾಗೆ. ನಾಲ್ಕು ದಿನದಿಂದ ಈ ಮಕ್ಕಳು ಎರಡನ್ನೂ ಕಿತ್ತಿದ್ದರು. ಅವಳು ಒಂದು ದಂಟು ಮುರಿದು ಒಳಗಿನ ಟೊಳ್ಳು ತೋರಿಸಿದಳು. “ಇದು ಬ್ಯಾಡ.”

“ಬ್ಯಾಡ್” ಅಂದಿತು ಇಡೀ ತಂಡ, ತಲೆಯಾಡಿಸಿ.

“ಕಿತ್ತು ಗುಡ್ಡೆ ಆಕಿ.”

“ಗುಡ್” ಎಂದು ಅವರು ಗುಡ್ಡೆ ಹಾಕಿಯೇಬಿಟ್ಟರು. ನಡುವೆ ಏನೋ ವಿವರಿಸಲು ಹೋದ ಲಿಖಿತ್‌ನನ್ನು ಕ್ಲಾರಾ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದಳು. ಸಂಜೆಯ ಹೊತ್ತಿಗೆ ನಾಲ್ಕು ದಿನದ ಕೆಲಸ ಒಂದೇ ದಿನದಲ್ಲಿ ಮುಗಿದು, ನೀರಿನಲ್ಲಿ ಮೋಡ ಕಾಣಿಸಿತು. ಮೊದಲಿದ್ದ ಕಳೆ ನಿಜಕ್ಕೂ ವಾಪಸ್ ಬಂದಿತ್ತು.

ಕ್ಲಾರಾ ಎದ್ದು ನಿಂತು ಹೆಸರು ಹೇಳಿದಳು: “ರಾಮಕ್ಕ.”

ಚಪ್ಪಾಳೆ ಬಿತ್ತು. ಲಿಖಿತ್ ತಾನೂ ಎರಡು ಚಪ್ಪಾಳೆ ತಟ್ಟುತ್ತಲೇ ಲೆಕ್ಕ ಹಾಕಿದ. ರಾಮಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ದುಭಾಷಿ ಬೇಕೇ ಬೇಕು. ಹಾಗೆಂದು ಕ್ಲಾರಾಳಿಗೆ ನೆನಪಿಸಿದ. ಇನ್ನೊಬ್ಬರಿಗೆ ಜಾಗವಿದೆ, ಅವಳನ್ನೇ ಕೇಳು ಎಂದಳು ಕ್ಲಾರಾ.

“ರಾಮಕ್ಕ, ಜೊತೆಗೆ ನಾನು ಬರ್ಲಾ ಅಂತ ಕೇಳ್ತಿದ್ದಾರೆ.”

“ನೀನಾ? ಇಲ್ಲಿದ್ದ ಕೆರೇನೇ ಮುಚ್ಚಿಸ್ತಿದ್ದೆ. ಅಲ್ಲೋಗಿ ಅವ್ರ ಕೆರೇನೂ ಮುಚ್ಚಿಸ್ಬಿಡ್ತೀಯ. ನಮ್ ಯಜಮಾನ ಸೋಮಪ್ಪ ಬರ್ಲಿ, ಮೂವತ್ತು ವರ್ಷ ಆಯ್ತು, ನಂತಾವ ಮಾತಾಡೇ ಇಲ್ಲ, ಎಲ್ಲಾ ಕೈಸನ್ನೇಲೇ. ನೀನು ಇಲ್ಲೇ ಇದ್ದು ಮೂರು ವಾರ ನಮ್ ಎಲ್ಡು ಅಸುಗೋಳ್ನ ನೋಡ್ಕೊ.”

ಏನಂದಳು ಎಂಬಂತೆ ಎಂಟು ಮುಖ ಅವನತ್ತ ತಿರುಗಿದವು. ಲಿಖಿತ್ ಒಂದಕ್ಷರ ಬಿಡದೆ ಹೇಳಿದ. ಆ ದಿನ ಅವನು ತಪ್ಪಿಲ್ಲದೆ ಮಾಡಿದ ಒಂದೇ ಅನುವಾದ ಅದು. ಎಲ್ಲರೂ ಎದ್ದು ಬಂದು ಅವನ ಕೈ ಕುಲುಕಿದರು.

“ಬೆಳಿಗ್ಗೆ ನಾಕಕ್ಕೇ ಬಂದ್ಬಿಡಪ್ಪ” ಎಂದಳು ರಾಮಕ್ಕ, ಅವನ ಬೆನ್ನು ತಟ್ಟಿ. “ಕೆಂದಿ ಸಾಧು. ಕರಿಯದು ಒದೀತದೆ. ಅದ್ರತಾವ ಮಾತ್ರ ಇಂಗ್ಲಿಷ್ ಮಾತಾಡ್ಬೇಡ, ಆಲು ಬಿಡಾಕಿಲ್ಲ.”