ಒಳ್ಳೇ ಪಿಕಪ್ ಇರುವ ಗಾಡಿ

ಕಾರು ಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಆಗ ತಿಳಿದಿದ್ದೆ. ಹಾಗೆ ತಿಳಿಯಲು ತಕ್ಕ ಕಾರಣವೂ ಇತ್ತು. ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ ನಟ್ಟು ಬೋಲ್ಟುಗಳನ್ನು ಬೆಳಗಿನಿಂದ ಸಂಜೆಯವರೆಗೆ ಅಳೆದು, ‘ಇದು ಸರಿಯಿಲ್ಲ’ ಎಂದು ಪಕ್ಕಕ್ಕೆ ಎಸೆಯುವುದೇ ನನ್ನ ಉದ್ಯೋಗ. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ ತನ್ನ ಸ್ವಂತ ಕಾರಿನಲ್ಲಿ ತಪ್ಪು ಮಾಡುತ್ತಾನೆಯೇ? ಛೆ, ಎಲ್ಲಾದರೂ ಉಂಟೆ!

ಆಗ ನಾನು ಕನಕಪುರದಿಂದ ಹಾರೋಹಳ್ಳಿಗೆ ದಿನವೂ ಒಂದು ಮುದಿ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಹಸಿಹುಲ್ಲಿನ ಹೊರೆ ಹೇರಿಕೊಂಡ ಮೊಪೆಡ್ಡೊಂದು ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿತು. ಹೊರೆಯ ಮೇಲೆ ಕೂತಿದ್ದ ಅಜ್ಜಿ ತಿರುಗಿ ನೋಡಿ, ಪಾಪ ಎನ್ನುವಂತೆ ಲೊಚಗುಟ್ಟಿದಳು. ಆ ಲೊಚಗುಟ್ಟುವಿಕೆ ನನ್ನ ಎದೆಗೆ ನಾಟಿತು. ಸಂಜೆ ಮನೆಗೆ ಬಂದವನೇ ಹೆಂಡತಿ ಶಾರದೆಗೆ ಘೋಷಿಸಿದೆ, “ಕಾರು ತಗೋತೀನಿ. ಆಕ್ಸಿಲರೇಟರ್ ಒತ್ತಿದ್ರೆ ಜಿಗೀಬೇಕು, ಅಂಥ ಕಾರು!”

“ನಾಕು ಬಾಗ್ಲಿರ್ಲಿ, ಮಳೇಲಿ ಸೋರ್ದೆ ಇರ್ಲಿ, ಸಾಕು ಕಣ್ರೀ,” ಎಂದಳು ಶಾರದೆ.

“ಪಿಕಪ್ ಬೇಡ್ವೇನೇ?”

“ಹಾರೋಹಳ್ಳಿಗೆ ಹೋಗಾಕೆ ಹಾರ್ಕೊಂಡೇ ಹೋಗ್ಬೇಕಾ?”

ಎಂಜಿನ್ನಿನ ಒಳಮರ್ಮ ತಿಳಿಯದವರ ಜೊತೆ ವಾದ ಮಾಡಬಾರದು.

ರಾಮನಗರದಲ್ಲಿ ನಯಾಜ್ ಭಾಯ್ ಅಂತ ಹಳೆ ಕಾರುಗಳ ಬ್ರೋಕರ್ ಇದ್ದರು. ಅವರ ಅಣ್ಣತಮ್ಮಂದಿರೆಲ್ಲ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು. ಇವರೊಬ್ಬರು ಮಾತು ಬಿಚ್ಚುವವರು. ಮೊದಲು ಒಂದು ಬಿಳಿ ಕಾರು ತೋರಿಸಿದರು. ಮೇಷ್ಟರೊಬ್ಬರು ಇಟ್ಟುಕೊಂಡಿದ್ದ, ಸಾಧು ಸ್ವಭಾವದ ಗಾಡಿ. ಒತ್ತಿದೆ. ಅದು ಒಂದು ಸಲ ಯೋಚನೆ ಮಾಡಿ ಆಮೇಲೆ ಹೊರಟಿತು. ಬೇಡ ಎಂದೆ. ಆಗ ಭಾಯ್ ಶೆಡ್ಡಿನ ಮೂಲೆಯಲ್ಲಿದ್ದ ಟಾರ್ಪಾಲು ಎಳೆದರು. ಕೆಳಗೆ ಕೆಂಪು ಕಾರು! ಹಿಂದೆ ತೊಡೆ ದಪ್ಪದ ಸೈಲೆನ್ಸರ್. ಡಿಕ್ಕಿಯ ಮೇಲೆ ಅಡ್ಡಕ್ಕೆ ಹಲಗೆಯಂತೆ ಎದ್ದು ನಿಂತ ಸ್ಪಾಯ್ಲರ್. ಬೆಂಗಳೂರಿನ ಯಾರೋ ಶೋಕಿ ಹುಡುಗ ರೇಸಿಗೆಂದು ಸಿದ್ಧ ಮಾಡಿಸಿ, ಅವರಪ್ಪನ ಕೈಲಿ ಬೈಸಿಕೊಂಡು ಮಾರಿದ್ದನಂತೆ.

“ಹಿಂದೆ ಹಲಗೆ ನೋಡಿ ಸಾರ್. ಎಷ್ಟು ಸ್ಪೀಡ್ ಹೋದ್ರೂ ಗಾಡಿ ಮೇಲಕ್ಕೆ ಏಳೋದಿಲ್ಲ,” ಎಂದರು ಭಾಯ್.

ಮೇಲಕ್ಕೆ ಏಳುವುದಿಲ್ಲ ಎಂಬ ಮಾತು ಮುಂದೆ ಎಷ್ಟು ನಿಜವಾಗಲಿದೆ ಎಂದು ನನಗೆ ಆಗ ತಿಳಿಯಲಿಲ್ಲ.

ನಾನು ಕಾರ್ಖಾನೆಯಿಂದ ತಂದಿದ್ದ ಅಳತೆಯ ಸಾಮಾನುಗಳನ್ನು ಹೊರತೆಗೆದೆ. ಟೈರಿನ ಸವೆತ ಅಳೆದೆ, ಬ್ರೇಕಿನ ತಟ್ಟೆ ಅಳೆದೆ, ಬಾಗಿಲಿನ ಸಂದು ಅಳೆದೆ. ಭಾಯ್ ಬೀಡಿ ಆರಿಸಿ, “ಅರೆ ಸಾರ್, ಗಾಡಿ ತಗೋತೀರೋ, ಹೊಲಿಗೆಗೆ ಹಾಕ್ತೀರೋ?” ಎಂದರು. ಮೈಸೂರು ರಸ್ತೆಗೆ ಒಯ್ದು ಒತ್ತಿದೆ. ಕಾರು ಜಿಗಿಯಿತು! ನನ್ನ ಬೆನ್ನು ಸೀಟಿಗೆ ಅಂಟಿತು, ಹೃದಯ ಕಾರಿಗೆ ಅಂಟಿತು. ಇಷ್ಟೆಲ್ಲ ಅಳೆದ ನಾನು ಅಳೆಯದೆ ಬಿಟ್ಟಿದ್ದು ಒಂದೇ ಒಂದು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ. ಅದಕ್ಕೆ ಉಪಕರಣವೇ ಬೇಕಿರಲಿಲ್ಲ, ಒಂದು ಗೇಣು ಹಾಕಿದ್ದರೆ ಸಾಕಿತ್ತು. ಗೇಣಿನ ಬೆರಳುಗಳು ಒಳಗೆ ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆದರೂ ಒಂದು ದಿನ ಯೋಚನೆ ಮಾಡುತ್ತೇನೆಂದು ಮನೆಗೆ ಬಂದೆ. ಆ ಸಂಜೆಯೇ ಮಾವನವರ ಫೋನು ಬಂತು. ನಮ್ಮ ಮಾವ ಪುಟ್ಟಮಾದೇಗೌಡರು ಉಯ್ಯಂಬಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ಹೊಸದಾಗಿ ಮೊಬೈಲ್ ಕೊಂಡಿದ್ದರು. ಅದಕ್ಕೆ ಕಿವಿ ಕೇಳುವುದಿಲ್ಲ ಎಂದು ಅವರ ಗಟ್ಟಿ ನಂಬಿಕೆ.

“ಅಳೀಂದ್ರೇ! ಗಾಡಿ ತಗತೀರಂತೆ! ಎಂತಾದ್ದು?”

“ಒಳ್ಳೇ ಪಿಕಪ್ ನೋಡಿದ್ದೀನಿ ಮಾವ!” ನಾನೂ ಕೂಗಿದೆ.

“ಪಿಕಪ್ಪಾ? ನಿಜ್ವಾಗ್ಲೂ ಪಿಕಪ್ಪೇ ತಗತೀರಾ?”

“ಪಿಕಪ್ ಇಲ್ದ ಮೇಲೆ ಗಾಡಿ ಯಾತಕ್ಕೆ ಮಾವ?”

“ಅಂಗನ್ನಿ ಮತ್ತೆ! ಚೆನ್ನಾಗಿ ಎಳೀತದಾ?”

“ಎಳೆಯೋದಾ? ಒಂದು ಸಲ ಒತ್ತಿದ್ರೆ ಒಳಗಿರೋದೆಲ್ಲ ಹಿಂದಕ್ಕೆ ವಾಲ್ತದೆ!”

“ವಾಲ್ತದೆ, ವಾಲ್ತದೆ. ಅದ್ಕೇ ಒಸಿ ಬಿಗಿಯಾಗಿ ಕಟ್ಬೇಕು.”

ಮಾವನವರಿಗೆ ಸೀಟ್ ಬೆಲ್ಟಿನ ವಿಚಾರವೂ ಗೊತ್ತಿದೆಯಲ್ಲ ಎಂದು ನನಗೆ ಆಶ್ಚರ್ಯ. “ಕಟ್ಟೋಕೆ ಬೆಲ್ಟ್ ಇದೆ ಮಾವ,” ಎಂದೆ.

“ಹಿಂದ್ಗಡೆ ಹಲಗೆ ಐತಾ?”

“ಇದೆ ಮಾವ! ಒಳ್ಳೇ ಎತ್ತರಕ್ಕಿದೆ!”

ಮಾವನವರ ದನಿ ಒದ್ದೆಯಾಯಿತು. “ಅಳೀಂದ್ರೇ, ನಮ್ಮ ಕಷ್ಟ ಅರ್ಥ ಮಾಡ್ಕಂಡೋರು ನೀವೊಬ್ರೇ ಕಣಪ್ಪಾ.”

ನನ್ನ ಕಾರಿನ ವೇಗಕ್ಕೂ ಉಯ್ಯಂಬಳ್ಳಿಯ ಕಷ್ಟಕ್ಕೂ ಏನು ಸಂಬಂಧ ಎಂದು ಆಗಲೇ ಕೇಳಬೇಕಿತ್ತು. ಆದರೆ ಹೊಗಳುತ್ತಿರುವ ಮಾವನ ಬಾಯಿಗೆ ಅಡ್ಡ ಬರುವ ಅಳಿಯ ಯಾವ ಊರಿನಲ್ಲಿದ್ದಾನೆ? “ನೋಡು, ನಿಮ್ಮಪ್ಪನಿಗಿರೋ ಟೇಸ್ಟು ನಿನಗಿಲ್ಲ,” ಎಂದು ಶಾರದೆಗೆ ಹೇಳಿ ಮರುದಿನವೇ ಕೆಂಪು ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದೆ.

ಮನೆ ಮುಂದೆ ಎಂದರೆ, ಮನೆಗೆ ತುಸು ಹಿಂದೆ. ನಮ್ಮ ಬೀದಿಯ ಬಾಯಲ್ಲಿ ಒಂದು ಹಂಪು ಇದೆ. ಕಾರು ಅದರ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು!

ನಮ್ಮ ಕಡೆಯ ಹಂಪುಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಇವನ್ನು ಸರ್ಕಾರದವರು ಹಾಕಿದ್ದಕ್ಕಿಂತ ಊರಿನವರು ಹಾಕಿದ್ದೇ ಹೆಚ್ಚು. ಕಲ್ಲು ಲಾರಿಗಳ ಕಾಟಕ್ಕೆ ಊರಿಗೊಂದು ಹಂಪು, ಸ್ಕೂಲಿಗೊಂದು ಹಂಪು, ಗೌಡರ ನಾಟಿಕೋಳಿ ಸತ್ತ ಜಾಗದಲ್ಲಿ ಅದರ ನೆನಪಿಗೊಂದು ಹಂಪು. ಎತ್ತರ ಎಷ್ಟಿರಬೇಕೆಂಬುದು ಕೋಳಿಯ ಮೇಲಿದ್ದ ಪ್ರೀತಿಗೆ ಬಿಟ್ಟಿದ್ದು. ಕಾರ್ಖಾನೆಗೆ ನನ್ನ ಜೊತೆ ಬರಲು ಆಸೆಪಟ್ಟ ಗೆಳೆಯರು ಹಂಪು ಬಂದಾಗೆಲ್ಲ ಇಳಿದು, ನಡೆದು, ಆಚೆ ಕಡೆ ಹತ್ತುತ್ತಿದ್ದರು. ಒಂದು ವಾರದಲ್ಲಿ ಎಲ್ಲರೂ ಬಸ್ಸಿಗೆ ವಾಪಸಾದರು. “ಹೆಂಗೂ ನಡೆಯೋದೇ ಆದ್ರೆ ಪೂರ್ತಿ ನಡೆದೇ ಬತ್ತೀನಿ ಬುಡಣ್ಣ,” ಎಂದ ಒಬ್ಬ.

ಹೀಗಿರುವಾಗ ಮಾವನವರ ಫೋನು ಮತ್ತೆ ಬಂತು. “ಗೂಡು ಬಿಡಿಸಿ ಆಯ್ತು ಅಳೀಂದ್ರೇ. ನಾಳೆ ರಾಮನಗರದ ಮಾರ್ಕೆಟ್ಟು. ಹೊತ್ತುಟ್ಟಾ ಪಿಕಪ್ ತಗಂಡು ಬಂದ್ಬುಡಿ.”

ಜಂಬದ ಕಾರಿನಲ್ಲಿ ಕೂತು ಮಾರ್ಕೆಟ್ಟಿಗೆ ಹೋಗುವ ಆಸೆ ಎಂದುಕೊಂಡೆ. ಶಾರದೆಯನ್ನು ಕೂರಿಸಿಕೊಂಡು, ಹಂಪುಗಳಲ್ಲಿ ಇಳಿಸಿ ಹತ್ತಿಸುತ್ತ, ಬೆಳಗ್ಗೆ ಉಯ್ಯಂಬಳ್ಳಿ ಮುಟ್ಟಿದೆ. ಮಾವನ ಮನೆ ಮುಂದೆ ರೇಷ್ಮೆಗೂಡಿನ ಚೀಲಗಳು ಸಾಲಾಗಿ ನಿಂತಿದ್ದವು. ಅವರದಷ್ಟೇ ಅಲ್ಲ, ಎದುರುಮನೆಯ ತಾಯಮ್ಮನ ಚೀಲಗಳೂ ಇದ್ದವು. ಬೀದಿಯವರೆಲ್ಲ ಜಗಲಿಯ ಮೇಲಿದ್ದರು. ಮಾವ ಹೊಸ ಟವೆಲ್ ಹೊದ್ದು ಬಂದು ನನ್ನ ಕೈ ಹಿಡಿದರು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದರು. ಸ್ಪಾಯ್ಲರ್ ಮುಟ್ಟಿ ನೋಡಿದರು.

“ಇದೇನಾ ಹಲಗೆ?”

“ಹೂಂ ಮಾವ.”

“ಪಿಕಪ್ ಎಲ್ಲಿ?”

ನಾನು ಹೆಮ್ಮೆಯಿಂದ ಬಾನೆಟ್ ತಟ್ಟಿದೆ. “ಇದರೊಳಗೇ ಇದೆ ಮಾವ!”

ಮಾವ ಬಗ್ಗಿ ನೋಡಿದರು. ತಾಯಮ್ಮನೂ ಬಗ್ಗಿ ನೋಡಿ, “ಇದ್ರೊಳಗೆ ಗೂಡು ಎಲ್ಲಿ ತುಂಬಾದು ಪುಟ್ಟಮಾದಣ್ಣ?” ಎಂದರು.

ಮೊದಲು ಅರ್ಥವಾಗಿದ್ದು ಶಾರದೆಗೆ. ಅವಳು ಜಗಲಿಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. “ಅಪ್ಪಾ, ಇವ್ರು ಹೇಳಿದ್ದು ಕಾರು ಜಿಗಿಯೋ ಪಿಕಪ್ಪು. ನೀನು ಕೇಳ್ಕೊಂಡಿದ್ದು ಮೂಟೆ ಹೇರೋ ಪಿಕಪ್ಪು!”

ಬೀದಿಯೇ ನಕ್ಕಿತು. ನಗದವರು ಇಬ್ಬರೇ, ಮಾವ ಮತ್ತು ನಾನು. ಸಂಗತಿ ನಗುವಂಥದ್ದಾಗಿರಲಿಲ್ಲ. ಪ್ರತಿ ಬೆಳೆಗೂ ಅವರ ಗೂಡು ಸಾಗಿಸುತ್ತಿದ್ದ ಪಿಕಪ್ ಗಾಡಿಯ ಸಿದ್ದರಾಜನಿಗೆ, “ಇನ್ಮೇಲೆ ಬರ್ಬೇಡ, ಅಳಿಯಂದ್ರದೇ ಬತ್ತದೆ” ಎಂದು ಅವರು ಹೇಳಿಬಿಟ್ಟಿದ್ದರು. ಅವನು ಬೇರೆ ಊರಿನ ಬಾಡಿಗೆ ಒಪ್ಪಿಕೊಂಡಿದ್ದ. ಗೂಡು ಕಾಯುವ ಸಾಮಾನಲ್ಲ. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಮನೆಮಂದಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ಮಣ್ಣುಪಾಲು. ಸಾಲದ್ದಕ್ಕೆ, ತಾಯಮ್ಮನಿಗೂ ಮಾವ ಮಾತು ಕೊಟ್ಟಿದ್ದರು.

ಮಾವ ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೀದಿಯ ಕಡೆ ತಿರುಗಿ, “ನಂಗೇ ಸರ್ಯಾಗಿ ಕೇಳಿಸ್ನಿಲ್ಲ ಕಣ್ರಲಾ. ಅಳಿಯಂದ್ರು ಸರ್ಯಾಗೇ ಹೇಳವ್ರೆ. ತಾಯಮ್ಮುನ್ ಚೀಲ ಮೊದ್ಲು ತುಂಬ್ರಿ,” ಎಂದರು. ನನಗೆ ಭೂಮಿಯೊಳಗೆ ಇಳಿದುಹೋಗುವ ಆಸೆಯಾಯಿತು.

ಹಿಂದಿನ ಸೀಟು ಬಿಚ್ಚಿ ಜಗಲಿಗೆ ಹಾಕಿದೆವು. ಡಿಕ್ಕಿ ತುಂಬಿತು, ಒಳಗೆ ತುಂಬಿತು, ಕೊನೆಯ ಚೀಲಗಳನ್ನು ಸ್ಪಾಯ್ಲರಿಗೇ ಹಗ್ಗದಲ್ಲಿ ಬಿಗಿದೆವು. ಶಾರದೆಗೆ ಜಾಗವಿರಲಿಲ್ಲ, ಅಲ್ಲೇ ಉಳಿದಳು. ಮಾವ ಮುಂದಿನ ಸೀಟಿನಲ್ಲಿ ಒಂದು ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತರು.

ಮೊದಲೇ ಕುಳ್ಳಾಗಿದ್ದ ಕಾರು ಈಗ ರಸ್ತೆಯನ್ನು ಮೂಸಿಕೊಂಡು ಹೊರಟಿತು. ಮೊದಲ ಹಂಪು ಬಂತು. ಚೀಲಗಳನ್ನೆಲ್ಲ ಇಳಿಸಿ, ಕಾರು ದಾಟಿಸಿ, ಮತ್ತೆ ಹೇರಿದೆವು. ಮತ್ತೊಂದು ಹಂಪು. ಇಳಿಸಿ, ದಾಟಿಸಿ, ಹೇರಿದೆವು. ದಾರಿಯ ಊರಿನವರು ಬಂದು ಕೈ ಹಾಕಿದರು. “ಗಾಡಿ ಕೆಟ್ಟೋಗದಾ?” ಎಂದು ಕೇಳಿದವರಿಗೆ ಮಾವ, “ಇಲ್ಲಪ್ಪ, ಇದು ಇಂಗೇಯ,” ಎಂದು ಸಮಾಧಾನವಾಗಿ ಉತ್ತರಿಸಿದರು. ಬಿಸಿಲೇರುತ್ತಿತ್ತು. ಮಾವ ಚೀಲದ ಬಾಯೊಳಗೆ ಕೈ ಹಾಕಿ ಗೂಡಿನ ಬಿಸಿ ನೋಡುತ್ತಿದ್ದರು.

ಆಗ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ಮುಂದಿನ ಹಂಪು ದೂರದಿಂದಲೇ ಕಂಡಿತು. ಇಳಿಸುವುದು ಹೇರುವುದು ಯಾಕೆ? ಜಿಗಿಯುವ ಕಾರು ಕೊಂಡಿದ್ದೇ ಜಿಗಿಸುವುದಕ್ಕೆ!

“ಮಾವ, ಗಟ್ಟಿಯಾಗಿ ಹಿಡ್ಕೊಳ್ಳಿ. ಈಗ ನೋಡಿ ಪಿಕಪ್ಪು!”

ಒತ್ತಿದೆ. ಕಾರು ಜಿಗಿಯಿತು, ಸುಳ್ಳಲ್ಲ. ಆದರೆ ಜಿಗಿದದ್ದು ಮುಂದಕ್ಕೆ, ಮೇಲಕ್ಕಲ್ಲ. ಹೊಟ್ಟೆಯ ಕೆಳಗೆ ‘ಖಟಾರ್’ ಎಂದು ಏನೋ ಸೀಳಿತು. ಸೈಲೆನ್ಸರ್ ಹಂಪಿನ ಆಚೆ ಉಳಿಯಿತು, ನಾವು ಈಚೆ ಬಂದೆವು. ಆಯಿಲ್ ಬಳಬಳನೆ ಸುರಿಯಿತು. ಎಂಜಿನ್ ನಿಂತಿತು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಪಿಕಪ್ ಚೆನ್ನಾಗೈತೆ,” ಎಂದರು. ಆ ಮನುಷ್ಯನ ಬಾಯಲ್ಲಿ ವ್ಯಂಗ್ಯ ಬರುವುದಿಲ್ಲ, ಅದು ಮೆಚ್ಚುಗೆಯೇ ಆಗಿತ್ತು. ನನಗೆ ಅಳು ಬಂತು.

ಚೀಲಗಳನ್ನು ಹುಣಸೆಮರದ ನೆರಳಿಗೆ ಹೊತ್ತು ಹಾಕಿದೆವು. ನೆರಳು ಸಾಲದ ಕಡೆ ಮಾವ ತಮ್ಮ ಹೊಸ ಟವೆಲ್ ಹೊದಿಸಿದರು. ನಾನು ನನ್ನ ಅಂಗಿ ಬಿಚ್ಚಿ ಹೊದಿಸಿದೆ. ಬನಿಯನ್ನಿನಲ್ಲಿ ರಸ್ತೆಯ ನಡುವೆ ನಿಂತು ಬಂದ ಬಂದ ಲಾರಿಗೆಲ್ಲ ಕೈ ಅಡ್ಡ ಹಾಕಿದೆ. ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಒಂದು ಗಾಡಿ ನಿಂತಿತು. ಪಿಕಪ್ಪು! ಮೂಟೆ ಹೇರುವ, ಹಿಂದೆ ಹಲಗೆ ಇರುವ, ಅಸಲಿ ಪಿಕಪ್ಪು. ಬೇರೆ ಊರಿನ ಗೂಡು ಹೇರಿಕೊಂಡು ಹೊರಟಿದ್ದ ಸಿದ್ದರಾಜ ತಲೆ ಹೊರಗೆ ಹಾಕಿದ.

“ಏನ್ ಗೌಡ್ರೇ, ಇಲ್ಲಿ ಕುಂತಿದ್ದೀರಿ? ಅಳಿಯಂದ್ರ ಪಿಕಪ್ ಬರ್ನಿಲ್ವಾ?”

ಮಾವ ನನ್ನ ಕಡೆ ನೋಡಲಿಲ್ಲ. “ಬಂತು ಕಣಪ್ಪ. ನಿನ್ನಷ್ಟು ಪಳಗಿಲ್ಲ,” ಎಂದರು. ಸಿದ್ದರಾಜ ಹೆಚ್ಚು ಕೇಳಲಿಲ್ಲ. ಇಳಿದು ಬಂದು ತನ್ನ ಮೂಟೆಗಳನ್ನು ಒತ್ತರಿಸಿ ನಮ್ಮ ಚೀಲಗಳಿಗೆ ಜಾಗ ಮಾಡಿದ. ಆಮೇಲೆ ಕಾರನ್ನು ನೋಡಿ, “ಇದ್ನ ಇಲ್ಲೇ ಬುಟ್ರೆ ನಾಳೀಕೆ ಚಕ್ರ ಇರಾಕಿಲ್ಲ,” ಎಂದು ಅದನ್ನೂ ಹಗ್ಗ ಹಾಕಿ ತನ್ನ ಗಾಡಿಗೆ ಕಟ್ಟಿಕೊಂಡ. ಮಾವ ಮುಂದೆ ಅವನ ಪಕ್ಕ ಕೂತರು. ನನ್ನ ಅಂಗಿ ಚೀಲಗಳ ಮೇಲೇ ಹೋಯಿತು; ನಾನು ಬನಿಯನ್ನಿನಲ್ಲಿ ಹಿಂದೆ, ಸತ್ತ ಕಾರಿನ ಸ್ಟೇರಿಂಗ್ ಹಿಡಿದುಕೊಂಡು, ಕನಕಪುರದ ಪೇಟೆಬೀದಿಯಲ್ಲಿ ಪರಿಚಯದವರೆಲ್ಲರ ಎದುರಿಗೆ ಮೆರವಣಿಗೆ ಹೋದೆ.

ರಾಮನಗರದ ಗೂಡಿನ ಮಾರ್ಕೆಟ್ ಮುಟ್ಟಿದಾಗ ಹರಾಜು ಇನ್ನೂ ನಡೆಯುತ್ತಿತ್ತು. ಗೂಡಿಗೆ ಏನೂ ಆಗಿರಲಿಲ್ಲ. ಮಾವ ಒಂದು ಗೂಡು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳದ ಗಟ್ಟಿ ಸದ್ದು ಕೇಳಿ ನಕ್ಕರು. ಬೆಳಗಿನಿಂದ ಅವರು ನಕ್ಕಿದ್ದು ಅದೇ ಮೊದಲು, ನನಗೆ ಉಸಿರು ಬಂದದ್ದೂ ಅದೇ ಮೊದಲು.

ಗೇಟಿನಲ್ಲಿದ್ದವನು ಪಿಕಪ್ಪಿನ ಚೀಲಗಳನ್ನೆಲ್ಲ ಒಳಗೆ ಬಿಟ್ಟ. ಆಮೇಲೆ ಹಗ್ಗದ ತುದಿಯಲ್ಲಿ ಬನಿಯನ್ನಿನಲ್ಲಿ ಕೂತಿದ್ದ ನನ್ನನ್ನು ತೋರಿಸಿ, “ಗೌಡ್ರೇ, ಆ ಕೆಂಪು ಗಾಡೀಲಿರೋದೂ ಹರಾಜಿಗಾ?” ಎಂದು ಕೇಳಿದ.

“ಇಲ್ಲ ಕಣಪ್ಪಾ,” ಎಂದರು ಮಾವ. “ಅವ್ರು ನಮ್ಮ ಅಳಿಯಂದ್ರು. ಅವ್ರನ್ನ ಮಾರಾಕಿಲ್ಲ, ಮನೇಗೆ ಬೇಕು.”

ಗೂಡು ಕೊಳ್ಳಲು ಬಂದು ಸುತ್ತ ನಿಂತಿದ್ದ ರೀಲರ್‌ಗಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಒಂದು ವೇಳೆ ನನ್ನನ್ನು ಹರಾಜಿಗಿಟ್ಟಿದ್ದರೆ ಯಾರಾದರೂ ಕೂಗುತ್ತಿದ್ದರೇ ಎಂದು ಯೋಚಿಸಲು ಹೋಗಲಿಲ್ಲ. ಇಡೀ ದಿನದಲ್ಲಿ ನಾನು ತೋರಿಸಿದ ಬುದ್ಧಿವಂತಿಕೆ ಅದೊಂದೇ.