ಸೀರೆಯ ಮೇಲೊಂದು ಹನಿ ಆಸಿಡ್ಡು

ಪರೀಕ್ಷೆ ಮಾಡುವ ಚಟ ಒಂದು ಸಾರಿ ಹತ್ತಿತೆಂದರೆ ಅದು ನಶ್ಯದ ಚಟಕ್ಕಿಂತ ಕಷ್ಟ. ನಶ್ಯ ಏರಿಸುವವನು ತನ್ನ ಮೂಗನ್ನು ಮಾತ್ರ ಕೆಡಿಸಿಕೊಳ್ಳುತ್ತಾನೆ. ನಮ್ಮಂಥ ಸೈನ್ಸ್ ಮೇಷ್ಟ್ರುಗಳು ಹಾಗಲ್ಲ. ಹಾಲು ಕಂಡರೆ ನೀರೆಷ್ಟು ಎಂದು ನೋಡುತ್ತೇವೆ, ಜೇನುತುಪ್ಪ ಕಂಡರೆ ಬೆಲ್ಲದ ಪಾಕವಿರಬಹುದೇ ಎಂದು ಅನುಮಾನಿಸುತ್ತೇವೆ, ನೆಂಟರು ಕ್ಷೇಮಸಮಾಚಾರ ಕೇಳಿದರೆ ಆ ಮಾತಿಗೂ ಲಿಟ್ಮಸ್ ಕಾಗದ ಹಿಡಿಯುತ್ತೇವೆ. ಅಲ್ಪವಿದ್ಯೆ ಮಹಾಗರ್ವಿ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ನನ್ನ ವಿದ್ಯೆ ಎಷ್ಟು ಅಲ್ಪವೆಂಬುದು ನನಗೆ ತಿಳಿದದ್ದು ಒಂದು ಸೀರೆ ಹಾಳಾದ ಮೇಲೆ. ಆ ಸೀರೆ ನನ್ನದಲ್ಲ, ನನ್ನ ಹೆಂಡತಿಯದು. ಸಂಗತಿ ನಡೆದು ಬಹಳ ವರ್ಷಗಳಾದವು, ಆದರೂ ಯಾರಾದರೂ ಮನೆಯಲ್ಲಿ ಕೆನೆಬಣ್ಣದ ಬಟ್ಟೆಯ ಮಡಿಕೆ ಬಿಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷ ಪ್ರಯೋಗಶಾಲೆಯಲ್ಲಿ ನೈಟ್ರಿಕ್ ಆಮ್ಲ ಮುಗಿದುಹೋಗಿತ್ತು. ಪ್ರಯೋಗಶಾಲೆ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಮೇಜು, ಎರಡು ಬೀರು, ಬಾಗಿಲ ಹಿಂದೆ ಅಸ್ಥಿಪಂಜರದ ಒಂದು ಪಟ, ಅಷ್ಟೆ. ಆಮ್ಲವನ್ನು ಬೆಂಗಳೂರಿನಿಂದ ತರೋಣವೆಂದರೆ ಹಿಂದಿನ ಸಾರಿಯ ಅನುಭವ ನೆನಪಿಗೆ ಬರುತ್ತಿತ್ತು. ಗಂಧಕಾಮ್ಲದ ಜಾಡಿಯನ್ನು ಕಂಡ ಬಸ್ ಕಂಡಕ್ಟರು ಅದು ಟಾಪಿನ ಮೇಲೂ ಬೇಡ, ಸೀಟಿನ ಕೆಳಗೂ ಬೇಡ, ಅಷ್ಟು ಪ್ರೀತಿಯಿದ್ದರೆ ತೊಡೆಯ ಮೇಲಿಟ್ಟುಕೊಳ್ಳಿ ಎಂದಿದ್ದ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದವರೆಗೆ ನಾನು ಹಸುಗೂಸನ್ನು ಹೊತ್ತ ಬಾಣಂತಿಯಂತೆ ಕೂತು ಬಂದಿದ್ದೆ. ಇನ್ನೊಂದು ಜಾಡಿಗಾಗಿ ಅದೇ ತಪಸ್ಸು ಮಾಡುವ ಧೈರ್ಯ ಇರಲಿಲ್ಲ. ಹೆಡ್ಮಾಸ್ಟರು ಬರುವ ವರ್ಷ ನೋಡೋಣ ಎಂದರು. ನೈಟ್ರಿಕ್ ಆಮ್ಲವನ್ನು ನಾನೇ ತಯಾರಿಸುತ್ತೇನೆ ಎಂದು ಹೇಳಿಬಿಟ್ಟೆ.

ತಯಾರಿಸುವುದು ಕಷ್ಟವಲ್ಲ. ಚಿಕ್ಕಬಳ್ಳಾಪುರದ ಗ್ರಂಥಿಗೆ ಅಂಗಡಿಯಿಂದ ಪೆಟ್ಲುಪ್ಪು ತಂದೆ. ಪೆಟ್ಲುಪ್ಪು ಬಾಣ ಬಿರುಸಿಗೆ ಬೀಳುವ ಸಾಮಾನಾದ್ದರಿಂದ ಅಂಗಡಿಯವರು ಯಾವ ಮದುವೆಗೆ ಔಟು ಕಟ್ಟುತ್ತೀರಿ ಎಂದು ವಿಚಾರಿಸಿದರು. ಅದನ್ನು ಗಾಜಿನ ರಿಟಾರ್ಟಿಗೆ, ಅಂದರೆ ಕೊಕ್ಕರೆಯ ಹಾಗೆ ಕತ್ತು ಬಗ್ಗಿಸಿಕೊಂಡ ಬುರುಡೆಗೆ ಹಾಕಿ, ಮೇಲೆ ಗಂಧಕಾಮ್ಲ ಸುರಿದು, ಕೆಳಗೆ ಸ್ಪಿರಿಟ್ ದೀಪ ಹಚ್ಚಿದೆ. ಕೊಕ್ಕಿನ ತುದಿಗೆ ತಣ್ಣೀರಿನಲ್ಲಿ ಅದ್ದಿದ ಇನ್ನೊಂದು ಬುರುಡೆ. ಸ್ವಲ್ಪ ಹೊತ್ತಿಗೆ ಕೆಂಗಂದು ಹೊಗೆ ಎದ್ದಿತು, ಆಮೇಲೆ ತೊಟ್ಟು ತೊಟ್ಟಾಗಿ ಹಳದಿ ಮಿಶ್ರಿತ ದ್ರವ ಇಳಿಯತೊಡಗಿತು. ಅಟೆಂಡರು ಎಲ್ಲ ಕಿಟಕಿ ತೆರೆದು, ತಾನೂ ಒಂದು ಕಿಟಕಿಯಿಂದಲೇ ಹೊರಗೆ ಹೋದ. ಈ ದ್ರವ ಕಾರ್ಕನ್ನು ತಿನ್ನುತ್ತದೆ, ರಬ್ಬರನ್ನು ತಿನ್ನುತ್ತದೆ, ತಾಮ್ರವನ್ನು ತಿಂದು ಹಸಿರು ಮಾಡುತ್ತದೆ, ಬೆಳ್ಳಿಯನ್ನು ಕರಗಿಸುತ್ತದೆ. ಚಿನ್ನವನ್ನು ಮಾತ್ರ ಮುಟ್ಟುವುದಿಲ್ಲ, ಅಕ್ಕಸಾಲಿಗರಿಗೆ ಇದು ಬೇಕಾಗುವುದು ಅದಕ್ಕೇ. ಗಾಜಿನ ಬಿರಡೆಯ ಶೀಸೆಯಲ್ಲಿ ತುಂಬಿಟ್ಟಾಗ ನನಗೆ ಗಂಡುಮಗು ಹುಟ್ಟಿದಷ್ಟು ಸಂತೋಷವಾಯಿತು. ಊರಿನವರು ನನ್ನನ್ನು ಆಸಿಡ್ ಮೇಷ್ಟ್ರು ಎಂದು ಕರೆಯಲು ಶುರುಮಾಡಿದರು, ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ.

ಈ ಆಮ್ಲಕ್ಕೆ ಇನ್ನೊಂದು ಗುಣವಿದೆ. ಪ್ರಾಣಿಗಳ ಮೈಯಿಂದ ಬಂದ ವಸ್ತು ಯಾವುದಕ್ಕೆ ತಗುಲಿದರೂ ಅದನ್ನು ಹಳದಿ ಮಾಡುತ್ತದೆ. ಚರ್ಮ, ಉಗುರು, ಉಣ್ಣೆ, ಕೂದಲು, ರೇಷ್ಮೆ ಎಲ್ಲವೂ ಹಳದಿ. ಹತ್ತಿ ಹಳದಿಯಾಗುವುದಿಲ್ಲ. ನನ್ನ ಬೆರಳ ತುದಿಗಳು ಆಗಲೇ ಹಳದಿಯಾಗಿದ್ದವು. ಹೆಂಡತಿ ಜಯಮ್ಮ ಊಟಕ್ಕೆ ಬಡಿಸುವ ಮೊದಲೇ ನಾನು ಸಾರನ್ನ ಕಲಸಿದವನ ಹಾಗೆ ಕಾಣುತ್ತಿದ್ದೆ. ಸೀಗೆಪುಡಿ, ಬೂದಿ, ನಿಂಬೆಹೋಳು ಯಾವುದಕ್ಕೂ ಅದು ಹೋಗಲಿಲ್ಲ. ಚರ್ಮವೇ ಸುಲಿದು ಹೊಸದು ಬರಬೇಕಾಯಿತು. ಇಷ್ಟು ಸ್ಪಷ್ಟವಾದ ಪಾಠ ನನ್ನ ಕೈಗೇ ಅಂಟಿಕೊಂಡಿದ್ದರೂ ತಲೆಗೆ ಹತ್ತಲಿಲ್ಲ.

ಈಗ ಸೀರೆಯ ವಿಷಯ. ಜಯಮ್ಮನ ತಂದೆ ಮುನಿಶಾಮಪ್ಪನವರು ಮೇಲೂರಿನವರು. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ಮನೆಯ ಹಿಂದೆ ನೂಲು ಬಿಚ್ಚುವ ಒಂದು ಚರಕ, ಇಷ್ಟು ಅವರ ಸಂಸಾರ. ಜಯಮ್ಮನ ತಾಯಿ ಕಾಯಿಲೆ ಬೀಳುವ ಮುಂಚೆ ಕೊನೆಯದಾಗಿ ಸೊಪ್ಪು ಹಾಕಿ ಸಾಕಿದ ಒಂದು ಬೆಳೆಯ ಗೂಡನ್ನು ಅವರು ಮಾರಲಿಲ್ಲ. ಆಕೆ ತೀರಿಕೊಂಡ ಮೇಲೆ ತಾವೇ ಕೂತು ನೂಲು ಬಿಚ್ಚಿ, ದೊಡ್ಡಬಳ್ಳಾಪುರದ ನೇಕಾರರ ಹತ್ತಿರ ನೇಯಿಸಿ, ಮಗಳ ಧಾರೆಗೆ ಕೊಟ್ಟರು. ಕೆನೆಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು. ಜಯಮ್ಮ ಅದನ್ನು ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಉಟ್ಟು, ನೆರಳಿನಲ್ಲಿ ಆರಿಸಿ, ಮತ್ತೆ ಟ್ರಂಕಿನಲ್ಲಿ ಮಡಿಸಿಡುತ್ತಿದ್ದಳು.

ಆ ವರ್ಷದ ಗೌರಿಹಬ್ಬದಲ್ಲಿ ಪಕ್ಕದ ಮನೆಯ ಗಿರಿಜಮ್ಮನವರು, ರೆವಿನ್ಯೂ ಇನ್ಸ್‌ಪೆಕ್ಟರರ ಹೆಂಡತಿ, ಅರಿಶಿನ ಕುಂಕುಮ ತೆಗೆದುಕೊಳ್ಳುತ್ತ ಸೆರಗನ್ನು ಮುಟ್ಟಿ ನೋಡಿ, ಈಗ ಆರ್ಟ್ ಸಿಲ್ಕೂ ಇಷ್ಟೇ ಚೆನ್ನಾಗಿ ಬರುತ್ತೆ ಅಲ್ವಾ ಎಂದರಂತೆ. ಶಿಡ್ಲಘಟ್ಟದಲ್ಲಿ ರೇಷ್ಮೆಯನ್ನು ನಕಲಿಯೆನ್ನುವುದು ಬೇರೆ ಕಡೆ ಹುಟ್ಟನ್ನೇ ಅನುಮಾನಿಸಿದ ಹಾಗೆ. ಆದರೆ ಜಯಮ್ಮ ಅದನ್ನು ನನಗೆ ಹೇಳುವಾಗ ನಗುತ್ತಿದ್ದಳು. ಅವರಿಗೆ ಅಷ್ಟೇ ಗೊತ್ತಿರೋದು ಎಂದು ಒಳಗೆ ಹೋದಳು. ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು ನನ್ನೊಳಗೆ ಮುಗಿಯಲಿಲ್ಲ. ನಾನು ಈಗ ತಪ್ಪೊಪ್ಪಿಕೊಳ್ಳಬೇಕು. ಹೆಂಡತಿಯ ಮಾನ ಕಾಪಾಡಬೇಕೆಂದು ನಾನು ಹೇಳಿಕೊಂಡೆ, ಅದು ಅರ್ಧ ಸತ್ಯ. ಮಾವನವರು ಕೈ ಬಿಗಿಯಿದ್ದ ಕಾಲದಲ್ಲಿ ಮದುವೆ ಮಾಡಿದ್ದರು, ನೇಕಾರನೇನಾದರೂ ಬೆರಕೆ ಮಾಡಿದ್ದಾನೋ ಎಂಬ ಅನುಮಾನ ನನಗೂ ಒಂದೆಳೆಯಷ್ಟು ಇತ್ತು. ಜೊತೆಗೆ ಕೈಯಲ್ಲಿ ಹೊಸ ಆಸಿಡ್ಡು ಬೇರೆ ಇತ್ತು.

ಭಾನುವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ದಂಪತಿಗಳನ್ನು ಕಾಫಿಗೆ ಕರೆದೆ. ಸೀರೆ ತೋರಿಸು ಎಂದಾಗ ಜಯಮ್ಮ ಹೆಮ್ಮೆಯಿಂದಲೇ ತಂದುಕೊಟ್ಟು ಕಾಫಿ ಸೋಸಲು ಹೋದಳು. ನಾನು ಶೀಸೆ, ಗಾಜಿನ ಕಡ್ಡಿ ತೆಗೆದಿಟ್ಟು, ಹತ್ತನೇ ತರಗತಿಗೆ ಮಾಡುವಂತೆಯೇ ಒಂದು ಭಾಷಣ ಮಾಡಿದೆ. ಸೆರಗಿನ ಕುಚ್ಚಿನ ಒಂದು ಎಳೆಗೆ ಮುಟ್ಟಿಸುವುದೆಂದು ನನ್ನ ಲೆಕ್ಕ. ಕುಚ್ಚಿಗೆ ಬೇರೆ ನೂಲನ್ನೂ ಕಟ್ಟಿರಬಹುದಲ್ಲ ಎಂದು ಇನ್ಸ್‌ಪೆಕ್ಟರರು ಸಹಜವಾಗಿ ಕೇಳಿದರು. ವಿಜ್ಞಾನಿಗೆ ಅಷ್ಟು ಸಾಕು. ಸೆರಗಿನ ನಟ್ಟನಡುವೆ ಒಂದು ಹನಿ ಇಟ್ಟೆ. ನೋಡುತ್ತಿದ್ದಂತೆಯೇ ಕೆನೆಬಣ್ಣ ಅಪ್ಪಟ ಹಳದಿಗೆ ತಿರುಗಿತು. ಅಪ್ಪಟ ರೇಷ್ಮೆ ಎಂದು ನಾನು ಗೆದ್ದವನಂತೆ ಅವರಿಬ್ಬರ ಮುಖ ನೋಡಿದೆ. ಇನ್ಸ್‌ಪೆಕ್ಟರರು ಸರಿ ಎಂದು ತಲೆಯಾಡಿಸಿ, ಇನ್ನು ಈ ಹಳದಿಯನ್ನು ತೆಗೆಯುವುದು ಹೇಗೆ ಎಂದು ಕೇಳಿದರು.

ಆಮ್ಲಕ್ಕೆ ಕ್ಷಾರ ಮದ್ದು ಎಂಬ ಒಂದು ವಾಕ್ಯ ನನ್ನ ತಲೆಯಲ್ಲಿ ಓಡಿತು. ಅಡುಗೆಮನೆಗೆ ಓಡಿ, ಜಯಮ್ಮನನ್ನು ದಾಟಿಕೊಂಡು, ಒಗೆಯುವ ಸೋಡ ತಂದು ನೀರಲ್ಲಿ ಕದಡಿ ಉಜ್ಜಿದೆ. ಕ್ಷಾರ ಸೇರಿದರೆ ಆ ಹಳದಿ ಕಿತ್ತಳೆಯಾಗುತ್ತದೆ ಎಂಬುದು ಅದೇ ಪುಸ್ತಕದ ಮುಂದಿನ ಸಾಲು. ಅದನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಕಲೆ ಕಿತ್ತಳೆಯಾಯಿತು, ಸುತ್ತಲೂ ಅಗಲವಾಯಿತು, ನಾನು ಇನ್ನೂ ಉಜ್ಜಿದೆ, ನಡುವೆ ಬಟ್ಟೆ ಪಿಸಿದು ತೂತು ಬಿತ್ತು. ಗಿರಿಜಮ್ಮನವರು ಎದ್ದು ನಿಂತಿದ್ದರು. ಅವರ ಮುಖದಲ್ಲಿ ಕೊಂಕು ಇರಲಿಲ್ಲ, ನಿಜವಾದ ಸಂಕಟ ಇತ್ತು.

“ಅಯ್ಯೋ ಮೇಷ್ಟ್ರೇ, ಒಂದೆಳೆ ಕಿತ್ತು ಸುಟ್ಟು ಮೂಸಿದ್ರೆ ಸಾಕಾಗಿತ್ತಲ್ಲ. ಕೂದ್ಲು ಸುಟ್ಟ ವಾಸನೆ ಬಂದ್ರೆ ರೇಷ್ಮೆ ಅಂತ ಈ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ,” ಎಂದರು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಜಯಮ್ಮ ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವರಿಬ್ಬರಿಗೂ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಸೀರೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ನಾನು ಅದು ಅಪ್ಪಟ ರೇಷ್ಮೆಯೇ ಎಂದು ಸಮಾಧಾನ ಹೇಳಲು ಹೋದೆ. ಆ ಮಾತು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

“ನಂಗೆ ಗೊತ್ತಿತ್ತು. ಗಿರಿಜಮ್ಮನವರು ಬಾಯ್ಮಾತಿಗೆ ಅಂದ್ರು, ಅಷ್ಟೇ. ನೀವು ನಮ್ಮಪ್ಪನ್ನ ಪರೀಕ್ಷೆಗೆ ಕೂರಿಸಿಬಿಟ್ರಿ,” ಎಂದಳು.

ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡೂ ಮಾಡಲಿಲ್ಲ. ನಾನು ಕ್ಷಮೆ ಕೇಳಿದೆ, ಬೇರೆ ಸೀರೆ ತರುತ್ತೇನೆಂದೆ. ಯಾವ ಅಂಗಡಿಯಲ್ಲಿ ಅವಳ ತಾಯಿ ಸೊಪ್ಪು ಹಾಕಿದ ಹುಳುವಿನ ಸೀರೆ ಸಿಗುತ್ತದೆ ಎಂದು ಅವಳು ಕೇಳಲಿಲ್ಲ, ನಾನೇ ಕೇಳಿಕೊಂಡೆ. ಶೀಸೆಯನ್ನು ಸ್ಕೂಲಿಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಉಳಿದದ್ದು ಮಾವನವರಿಗೆ ಏನು ಹೇಳುವುದೆಂಬ ಭಯ.

ಮರುವರ್ಷ ಗೌರಿಹಬ್ಬಕ್ಕೆ ಮಗಳಿಗೆ ಬಾಗಿನ ಕೊಡಲು ಮುನಿಶಾಮಪ್ಪನವರು ಬಂದರು. ಜಯಮ್ಮ ನೂಲಿನ ಸೀರೆ ಉಟ್ಟಿದ್ದಳು. ಧಾರೆ ಸೀರೆ ಯಾಕಮ್ಮ ಉಟ್ಟಿಲ್ಲ ಎಂದು ಅವರು ಕೇಳಿದರು. ನಾನು ಬಾಯಿ ತೆರೆಯಬೇಕಿತ್ತು. ಅದಕ್ಕಾಗಿ ಒಂದು ವರ್ಷ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟಿದ್ದೆ. ಜಯಮ್ಮ ನನಗಿಂತ ಮುಂಚೆ, ಒಲೆಯ ಹತ್ತಿರ ಕಿಡಿ ಸಿಡಿದು ಸುಟ್ಟುಹೋಯಿತು, ನನ್ನದೇ ಅಜಾಗ್ರತೆ ಎಂದುಬಿಟ್ಟಳು. ಅವರು ಸೀರೆ ತರಿಸಿ, ತೂತಿನ ಸುತ್ತಲೂ ನಿಧಾನವಾಗಿ ಹೆಬ್ಬೆರಳಾಡಿಸಿದರು. ಕಿಡಿ ಬಿದ್ದ ರೇಷ್ಮೆಯ ಅಂಚು ಸಾಸಿವೆ ಕಾಳಿನ ಹಾಗೆ ಕಪ್ಪಗೆ ಗಂಟುಕಟ್ಟುತ್ತದೆ. ನಲವತ್ತು ವರ್ಷ ನೂಲು ಬಿಚ್ಚಿದ ಆ ಮನುಷ್ಯನ ಬೆರಳಿಗೆ ಅಲ್ಲಿ ಗಂಟು ಸಿಗಲಿಲ್ಲ, ಕಣ್ಣಿಗೆ ಕಪ್ಪು ಸಿಗಲಿಲ್ಲ. ಕಂಡದ್ದು ಅಂಗೈಯಗಲದ ಕಿತ್ತಳೆ ಬಣ್ಣ. ಅಳಿಯ ಆಸಿಡ್ ಮೇಷ್ಟ್ರು ಎಂಬುದು ಮೇಲೂರಿಗೂ ತಿಳಿದಿತ್ತು. ಅವರು ಸೀರೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಮಗಳ ಕೈಗೆ ಕೊಟ್ಟರು.

“ಪೋನೀಲೇಮ್ಮಾ, ಹೋಗ್ಲಿ ಬಿಡು. ಬೆಂಕಿ ಹತ್ರ ಎಷ್ಟ್ ಹುಷಾರಾಗಿದ್ರೂ ಕಿಡಿ ಸಿಡೀತದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದರು, “ಅಳಿಯಂದ್ರೇ, ಆವತ್ತು ನಿಮ್ ಕೈಗೇನೂ ತಗುಲ್ಲಿಲ್ಲ ತಾನೇ?”

ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳುವ ನಾನು, ಒಲೆಯ ಹತ್ತಿರ ನಾನಿರಲೇ ಇಲ್ಲ ಮಾವ ಎಂದೆ. ಅವರು ಅದನ್ನೂ ನಂಬಿದರು.